ಆಯುಷ್ಯಕ್ಕೊಂದು ಹಗ್ಗ: ಬೆಳವಣಿಗೆಯ ಹಂತಗಳನ್ನು ಕಲಿಸುವುದು ಹೇಗೆ?

ಮನುಷ್ಯನ ಬೆಳವಣಿಗೆಯ ಹಂತಗಳ ಪಾಠ ಹೆಚ್ಚಾಗಿ ಒಂದು ಕೋಷ್ಟಕದಿಂದಲೇ ಶುರುವಾಗುತ್ತದೆ. ಎಡಗಡೆ ಹಂತದ ಹೆಸರು, ಬಲಗಡೆ ವಯಸ್ಸು. ವಿದ್ಯಾರ್ಥಿಗಳು ಎರಡೇ ದಿನದಲ್ಲಿ ಬಾಯಿಪಾಠ ಮಾಡುತ್ತಾರೆ, ಅಂಕವೂ ಬರುತ್ತದೆ. ಆದರೆ ಹದಿಮೂರು ತಿಂಗಳಾದರೂ ನಡೆಯದ ಮಗುವನ್ನು ಕಂಡರೆ ‘ಏನೋ ತೊಂದರೆ ಇರಬೇಕು’ ಎನ್ನುತ್ತಾರೆ; ಅರವತ್ತು ದಾಟಿದವರಿಗೆ ಹೊಸದೇನೂ ತಲೆಗೆ ಹತ್ತುವುದಿಲ್ಲ ಎಂದೂ ನಂಬುತ್ತಾರೆ. ಎರಡೂ ತಪ್ಪು. ವಯಸ್ಸಿಗೆ ಗೆರೆ ಎಳೆದು ಕೊಟ್ಟರೆ ಮಕ್ಕಳು ಅದನ್ನು ಗೆರೆಯೆಂದೇ ಓದುತ್ತಾರೆ.

ಕೋಷ್ಟಕವನ್ನು ಪಾಠದ ಕೊನೆಗೆ ಇಟ್ಟುಕೊಳ್ಳಿ. ಮೊದಲು ತರಗತಿಗೆ ಒಂದು ಹಗ್ಗ ತನ್ನಿ: ಹಿಗ್ಗದ ನೂಲಿನ ಹಗ್ಗ, ಹನ್ನೆರಡೂವರೆ ಮೀಟರ್. ಜೊತೆಗೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳು, ಬಣ್ಣದ ಕಾಗದ, ಅಳತೆ ಟೇಪು. ಒಂದು ವರ್ಷಕ್ಕೆ 10 ಸೆಂ.ಮೀ. ಲೆಕ್ಕ. ಎಡತುದಿಯಿಂದ 10 ಸೆಂ.ಮೀ. ಬಿಟ್ಟು ‘ಜನನ’ ಎಂದು ಗುರುತು ಹಾಕಿ, ಅಲ್ಲಿಂದ ಬಲಕ್ಕೆ 8 ಮೀಟರಿಗೆ 80 ವರ್ಷದ ಗುರುತು. ಉಳಿದ ಹಗ್ಗ ಸುರುಳಿಯಾಗಿಯೇ ಇರಲಿ.

ಜನನದ ಎಡಗಡೆಯ ತುಂಡನ್ನು ಮೊದಲು ನೋಡಿ. ಗರ್ಭಧಾರಣೆಯಿಂದ ಹೆರಿಗೆಯವರೆಗೆ ಸುಮಾರು 38 ವಾರ, ಅಂದರೆ ಹಗ್ಗದ ಮೇಲೆ 7 ಸೆಂ.ಮೀ.ಗೆ ತುಸು ಹೆಚ್ಚು. ಮೊದಲ ಎರಡು ವಾರದ ಯುಗ್ಮಜದ (ಫಲಿತ ಅಂಡದ) ಹಂತ ಬರೀ 4 ಮಿ.ಮೀ. ಎಂಟನೆಯ ವಾರ ಮುಗಿಯುವಷ್ಟರಲ್ಲಿ ಹೃದಯ, ಮೆದುಳು, ಕೈಕಾಲುಗಳು ಸೇರಿದಂತೆ ಮುಖ್ಯ ಅಂಗಗಳಿಗೆಲ್ಲ ಅಡಿಪಾಯ ಬಿದ್ದಿರುತ್ತದೆ. ಹಗ್ಗದಲ್ಲಿ ಅದು ಒಂದೂವರೆ ಸೆಂ.ಮೀ., ಹೆಬ್ಬೆರಳಿನ ಅಗಲದಷ್ಟು. ಗರ್ಭದ ಮೊದಲ ವಾರಗಳಲ್ಲಿ ಮದ್ಯ, ಕೆಲವು ಔಷಧಿ, ಸೋಂಕುಗಳು ಯಾಕೆ ಅಷ್ಟು ಅಪಾಯಕಾರಿ ಎಂಬುದಕ್ಕೆ ಆಮೇಲೆ ಬೇರೆ ವಿವರಣೆಯೇ ಬೇಕಾಗುವುದಿಲ್ಲ. ಇಲ್ಲೊಂದು ಗೊಂದಲ ಸಾಮಾನ್ಯ: ವೈದ್ಯರು 40 ವಾರ ಎನ್ನುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿ, 38 ಎನ್ನುವುದು ಗರ್ಭಧಾರಣೆಯಿಂದ ಎಣಿಸಿ. ಇದನ್ನು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಎರಡು ಪುಸ್ತಕ ನೋಡಿದ ವಿದ್ಯಾರ್ಥಿ ಒಂದನ್ನು ತಪ್ಪೆಂದುಕೊಳ್ಳುತ್ತಾನೆ. ‘ವಿಕಾಸ’ ಎಂಬ ಪದದ್ದೂ ಇದೇ ಕಥೆ. ಜೀವವಿಕಾಸದ ಪಾಠ ಓದಿ ಬಂದವರಿಗೆ ‘ಮಾನವ ವಿಕಾಸ’ ಎಂದ ಕೂಡಲೇ ವಾನರ ನೆನಪಾಗುತ್ತದೆ. ಇಲ್ಲಿನ ವಿಕಾಸ ಒಬ್ಬ ವ್ಯಕ್ತಿಯ ಒಂದೇ ಆಯುಷ್ಯದ್ದು.

ಇನ್ನು ಮೈಲಿಗಲ್ಲುಗಳು. ಮಗು ಯಾವಾಗ ನಡೆಯುತ್ತದೆ ಎಂದು ಕೇಳಿದರೆ ಇಡೀ ತರಗತಿ ‘ಒಂದು ವರ್ಷಕ್ಕೆ’ ಎನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅವಧಿ ಹೀಗಿದೆ: ಆಸರೆಯಿಲ್ಲದೆ ಕೂರುವುದು 3.8ರಿಂದ 9.2 ತಿಂಗಳು, ಆಸರೆಯಿಲ್ಲದೆ ನಡೆಯುವುದು 8.2ರಿಂದ 17.6 ತಿಂಗಳು. ಕ್ಲಿಪ್ಪಿನಿಂದ ಒಂದು ಚುಕ್ಕೆ ಗುರುತು ಹಾಕಬೇಡಿ, ಆ ಅವಧಿಯಷ್ಟೇ ಉದ್ದದ ಕಾಗದದ ಪಟ್ಟಿ ಕತ್ತರಿಸಿ ನೇತುಹಾಕಿಸಿ. ಕೂರುವ ಪಟ್ಟಿ ನಾಲ್ಕೂವರೆ ಸೆಂ.ಮೀ., ನಡೆಯುವ ಪಟ್ಟಿ ಸುಮಾರು 8. ಎರಡೂ ಒಂದರ ಮೇಲೊಂದು ಸ್ವಲ್ಪ ಹಾಯುತ್ತವೆ. ಅಂದರೆ ಒಂದು ಮಗು ಇನ್ನೂ ಕೂರಲು ಕಲಿಯುತ್ತಿರುವ ವಯಸ್ಸಿಗೆ ಇನ್ನೊಂದು ಮಗು ಹೆಜ್ಜೆ ಇಟ್ಟಿರಬಹುದು, ಇಬ್ಬರೂ ಸರಿಯಾಗಿಯೇ ಇದ್ದಾರೆ. ಅದೇ ಅಧ್ಯಯನದಲ್ಲಿ ನೂರಕ್ಕೆ ನಾಲ್ಕರಷ್ಟು ಮಕ್ಕಳು ಅಂಬೆಗಾಲಿಡದೆಯೇ ನಡೆದವು. ಹಾಗೆಂದು ಪಟ್ಟಿಗೆ ಕೊನೆಯೇ ಇಲ್ಲವೆಂದಲ್ಲ. ಹದಿನೆಂಟು ತಿಂಗಳಾದರೂ ತಾನಾಗಿ ನಡೆಯದ ಮಗುವನ್ನು ವೈದ್ಯರಿಗೆ ತೋರಿಸಲೇಬೇಕು. ಇದನ್ನೂ ಅಷ್ಟೇ ಒತ್ತಿ ಹೇಳಿ.

ದೇಹದ ಪ್ರಮಾಣ ತೋರಿಸಲು 40 ಸೆಂ.ಮೀ. ಉದ್ದದ ಎರಡು ಕಾಗದ ಸಾಕು. ಒಂದನ್ನು ನಾಲ್ಕು ಮಡಿಕೆ ಮಾಡಿ, ಮೇಲಿನ ಮಡಿಕೆಯಲ್ಲಿ ತಲೆ ಬರೆಯಿಸಿ: ಅದು ನವಜಾತ ಶಿಶು. ಇನ್ನೊಂದನ್ನು ಎಂಟು ಮಡಿಕೆ ಮಾಡಿದರೆ ವಯಸ್ಕ. ಬೆಳವಣಿಗೆ ತಲೆಯಿಂದ ಕಾಲಿನ ಕಡೆಗೆ ಸಾಗುತ್ತದೆ ಎಂಬ ಸೂತ್ರ ಆಗ ಕಣ್ಣಿಗೇ ಕಾಣುತ್ತದೆ.

ಯೋಚನೆಯ ಬೆಳವಣಿಗೆಗೆ ಸ್ವಿಸ್ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆಯ ನೀರಿನ ಪ್ರಯೋಗವನ್ನು ಎಲ್ಲರೂ ಹೇಳುತ್ತಾರೆ, ಮಾಡಿಸುವವರು ಕಡಿಮೆ. ಒಂದೇ ಅಳತೆಯ ಎರಡು ಲೋಟಗಳಲ್ಲಿ 150 ಮಿ.ಲೀ. ಬಣ್ಣದ ನೀರು ಇಡಿ. ಎರಡರಲ್ಲೂ ಅಷ್ಟೇ ಇದೆ ಎಂದು ಮಗು ತಾನೇ ಒಪ್ಪಬೇಕು. ಒಪ್ಪುವವರೆಗೆ ಹನಿ ಹನಿಯಾಗಿ ಸರಿಮಾಡಿ. ಆಮೇಲೆ ಮಗುವಿನ ಕಣ್ಣೆದುರೇ ಒಂದನ್ನು ಉದ್ದನೆಯ ಸಪೂರ ಲೋಟಕ್ಕೆ ಸುರಿದು ಕೇಳಿ: ‘ಈಗ ಎರಡರಲ್ಲೂ ಒಂದೇ ಅಷ್ಟಿದೆಯಾ, ಒಂದರಲ್ಲಿ ಜಾಸ್ತಿ ಇದೆಯಾ?’ ನಾಲ್ಕೈದು ವರ್ಷದ ಮಗು ಸಾಮಾನ್ಯವಾಗಿ ಉದ್ದದ ಲೋಟ ತೋರಿಸುತ್ತದೆ. ಎಂಟರ ಮಗು ‘ವಾಪಸ್ ಸುರಿದರೆ ಅಷ್ಟೇ ಆಗುತ್ತಲ್ಲ’ ಎನ್ನುತ್ತದೆ. ಹೌದು, ಅಲ್ಲ ಎಂಬುದಕ್ಕಿಂತ ಆ ಕಾರಣ ಮುಖ್ಯ, ಅದಕ್ಕೇ ‘ಯಾಕೆ?’ ಎಂದು ಕೇಳಿ ಉತ್ತರವನ್ನು ಮಗುವಿನ ಮಾತಿನಲ್ಲೇ ಬರೆದುಕೊಳ್ಳಬೇಕು. ಪ್ರಯೋಗ ಕೆಡುವುದು ಎರಡು ಕಡೆ. ‘ಯಾವುದರಲ್ಲಿ ಜಾಸ್ತಿ?’ ಎಂದು ಕೇಳಿದರೆ ಉತ್ತರವನ್ನು ನಾವೇ ಬಾಯಿಗೆ ಹಾಕಿದಂತೆ. ಒಂದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ ಮೊದಲ ಉತ್ತರ ತಪ್ಪಿತ್ತೇನೋ ಎಂದು ಮಗು ಬದಲಿಸಿಬಿಡುತ್ತದೆ. ಹೆತ್ತವರ ಒಪ್ಪಿಗೆ ಪಡೆದೇ ಮಾಡಿಸಿ. ನೋಡುತ್ತಿರುವವರು ನಗಬಾರದು, ಮಗುವನ್ನು ತಿದ್ದಲೂ ಬಾರದು.

ಹದಿಹರೆಯದ ಪಾಠ ಬಹಳ ಎಚ್ಚರಿಕೆ ಬೇಡುತ್ತದೆ, ಯಾಕೆಂದರೆ ಕೇಳುವವರೇ ಆ ಹಂತದಲ್ಲಿದ್ದಾರೆ. ಅವರ ಎತ್ತರ, ತೂಕವನ್ನು ತರಗತಿಯಲ್ಲಿ ಅಳೆಯುವುದು ಬೇಡವೇ ಬೇಡ. ಗಿಡ್ಡವಿರುವವನು, ಬೇಗ ಬೆಳೆದವಳು, ಇಬ್ಬರೂ ಅಂದು ಮನೆಗೆ ಒಯ್ಯುವುದು ಅವಮಾನವನ್ನೇ. ವಿಶ್ವ ಆರೋಗ್ಯ ಸಂಸ್ಥೆಯ ಮಧ್ಯಕ (ಸಾಲಿನ ನಟ್ಟನಡುವೆ ಬರುವ) ಎತ್ತರಗಳನ್ನು ಬೋರ್ಡಿನ ಮೇಲೆ ಬರೆಯಿರಿ. ಹುಡುಗಿಯರಿಗೆ 10ರಿಂದ 14 ವರ್ಷಕ್ಕೆ 139, 145, 151, 156, 160 ಸೆಂ.ಮೀ.; ಹುಡುಗರಿಗೆ 10ರಿಂದ 15ಕ್ಕೆ 138, 143, 149, 156, 163, 169. ಪ್ರತಿ ವರ್ಷದ ವ್ಯತ್ಯಾಸ ಕಳೆದು ನಕ್ಷೆ ಹಾಕಲಿ. ಹುಡುಗಿಯರು ಮೊದಲು ಮುಂದೆ ಹೋಗುವುದು, 13ರ ಹೊತ್ತಿಗೆ ಸಮವಾಗುವುದು, ಆಮೇಲೆ ಹುಡುಗರು ಏರುವುದು ಅವರೇ ಕಂಡುಕೊಳ್ಳುತ್ತಾರೆ. ಒಬ್ಬೊಬ್ಬರು ವರ್ಷಕ್ಕೆ 8–10 ಸೆಂ.ಮೀ. ಬೆಳೆಯುವುದೂ ಉಂಟು, ಆದರೆ ಈ ನಕ್ಷೆಯಲ್ಲಿ ಹೆಚ್ಚೆಂದರೆ 7 ಕಾಣುತ್ತದೆ. ಬೇಗ ಬೆಳೆದವರೂ ತಡವಾಗಿ ಬೆಳೆದವರೂ ಒಂದೇ ಲೆಕ್ಕದಲ್ಲಿ ಬೆರೆತಾಗ ಏರು ಚಪ್ಪಟೆಯಾಗುತ್ತದೆ. ಪ್ರೌಢತೆಯ ಮೊದಲ ಚಿಹ್ನೆಗಳು ಕಾಣುವ ವಯಸ್ಸಿಗೂ ಕಾಗದದ ಪಟ್ಟಿಯನ್ನು ಹಗ್ಗಕ್ಕೆ ಹಾಕಿಸಿ: ಹುಡುಗಿಯರಿಗೆ 8ರಿಂದ 13, ಹುಡುಗರಿಗೆ 9ರಿಂದ 14. ಪ್ರತಿಯೊಂದೂ ಅರ್ಧ ಮೀಟರ್ ಉದ್ದ.

ಪ್ರಶ್ನೆಗಳಿಗೆ ಮುಚ್ಚಿದ ಪೆಟ್ಟಿಗೆ ಇಡಿ. ಪ್ರಶ್ನೆ ಇರಲಿ, ಇಲ್ಲದಿರಲಿ, ಎಲ್ಲರೂ ಒಂದೊಂದು ಚೀಟಿ ಹಾಕಬೇಕು. ಇಲ್ಲದವರು ‘ಪ್ರಶ್ನೆ ಇಲ್ಲ’ ಎಂದಾದರೂ ಬರೆಯಲಿ. ಕೆಲವರಷ್ಟೇ ಬರೆದರೆ ಕೇಳಿದ್ದು ಯಾರೆಂದು ಪಕ್ಕದವರಿಗೆ ಗೊತ್ತಾಗುತ್ತದೆ, ಮುಂದಿನ ಸಲ ಪೆಟ್ಟಿಗೆ ಖಾಲಿ. ‘ನಿಮ್ಮ ಶಿಶುವಿನ ಫೋಟೋ ತನ್ನಿ’ ಎಂಬ ಚಟುವಟಿಕೆಯನ್ನೂ ಬಿಡಿ. ಹೆತ್ತವರನ್ನು ಕಳೆದುಕೊಂಡ, ದತ್ತು ಬಂದ ಮಕ್ಕಳಿಗೆ ಅದು ನೋವು ತರಬಹುದು.

ಈಗ ವಿದ್ಯಾರ್ಥಿಗಳನ್ನು ಹಗ್ಗದಿಂದ ನಾಲ್ಕು ಹೆಜ್ಜೆ ಹಿಂದೆ ನಿಲ್ಲಿಸಿ ನೋಡಲು ಹೇಳಿ. ಇದುವರೆಗಿನ ಪಾಠವೆಲ್ಲ 80ರ ಗುರುತಿನವರೆಗಿನ ಹಗ್ಗದ ಮೊದಲ ಎರಡು ಮೀಟರಿನೊಳಗಿದೆ. ಉಳಿದ ಆರು ಮೀಟರಿಗೆ ಪಠ್ಯಪುಸ್ತಕ ಹೆಚ್ಚಾಗಿ ಒಂದೆರಡು ಪುಟವನ್ನಷ್ಟೇ ಕೊಡುತ್ತದೆ. ಇದು ಸರಿಯಲ್ಲ, ಶಿಕ್ಷಕರು ಇಲ್ಲಿ ಎರಡು ಅವಧಿಯನ್ನಾದರೂ ಹೆಚ್ಚು ತೆಗೆದುಕೊಳ್ಳಬೇಕು. ಯೋಜನೆ, ಸಂಯಮಗಳನ್ನು ನೋಡಿಕೊಳ್ಳುವ ಮೆದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತರ ದಶಕದ ಮಧ್ಯದಲ್ಲಿ. ಮೂಳೆಯ ಗಟ್ಟಿತನ ತುದಿ ಮುಟ್ಟುವುದು ಮೂವತ್ತರ ಆಸುಪಾಸಿನಲ್ಲಿ. ನಲವತ್ತರ ನಂತರ ಕಣ್ಣಿನ ಮಸೂರ ಬಿರುಸಾಗಿ, ಹತ್ತಿರದ ಅಕ್ಷರ ಓದಲು ಪುಸ್ತಕ ದೂರ ಹಿಡಿಯಬೇಕಾಗುತ್ತದೆ. ಮುಟ್ಟು ನಿಲ್ಲುವ ಪಟ್ಟಿ ಹೆಚ್ಚಿನವರಿಗೆ 45ರಿಂದ 55, ಅಂದರೆ ಒಂದು ಮೀಟರ್. ನಾಲ್ಕೂವರೆ ಸೆಂ.ಮೀ., ಅರ್ಧ ಮೀಟರ್, ಒಂದು ಮೀಟರ್: ವಯಸ್ಸಾದಂತೆ ಪಟ್ಟಿಗಳು ಉದ್ದವಾಗುತ್ತಿವೆ ಎಂದು ಯಾರಾದರೊಬ್ಬರು ಹೇಳೇ ಹೇಳುತ್ತಾರೆ. ಹೇಳುವವರೆಗೆ ಕಾಯಿರಿ. ಜನ್ಮದಿನ ನೋಡಿ ಮಗುವಿನ ಬಗ್ಗೆ ಊಹಿಸುವಷ್ಟು ಎಪ್ಪತ್ತರವರ ಬಗ್ಗೆ ಊಹಿಸಲಾಗದು.

ಬುದ್ಧಿಯ ವಿಷಯದಲ್ಲೂ ಹೀಗೆಯೇ. ಥಟ್ಟನೆ ಪ್ರತಿಕ್ರಿಯಿಸುವ ವೇಗ ಯೌವನದಿಂದಲೇ ಮೆಲ್ಲಗೆ ಇಳಿಯುತ್ತದೆ, ಪದಸಂಪತ್ತು ಅರವತ್ತು ದಾಟಿದರೂ ಕುಗ್ಗದೆ ಉಳಿಯುತ್ತದೆ. ಇಂದಿನ 25ರವರನ್ನೂ 70ರವರನ್ನೂ ಒಂದೇ ದಿನ ಪರೀಕ್ಷಿಸಿ ಹೋಲಿಸಿದರೆ ವಯಸ್ಸಿನ ಜೊತೆ ಎರಡು ತಲೆಮಾರುಗಳ ಶಾಲಾ ಶಿಕ್ಷಣದ ಅಂತರವೂ ಸೇರಿಬಿಡುತ್ತದೆ. ಅಮೆರಿಕದ ಸಿಯಾಟಲ್‌ನಲ್ಲಿ ಮನಶ್ಶಾಸ್ತ್ರಜ್ಞ ವಾರ್ನರ್ ಶೈ 1956ರಲ್ಲಿ ಶುರುಮಾಡಿ, ಅದೇ ಜನರನ್ನು ಏಳೇಳು ವರ್ಷಕ್ಕೊಮ್ಮೆ ಪರೀಕ್ಷಿಸುತ್ತ ಹೋದ ಅಧ್ಯಯನದಲ್ಲಿ ಹೆಚ್ಚಿನ ಸಾಮರ್ಥ್ಯಗಳು ಅರವತ್ತರವರೆಗೆ ಗಮನಾರ್ಹವಾಗಿ ಕುಗ್ಗಲಿಲ್ಲ.

ಕೊನೆಗೆ ಸುರುಳಿ. ದಾಖಲೆಯಲ್ಲಿರುವ ಅತಿ ದೀರ್ಘ ಆಯುಷ್ಯ ಫ್ರಾನ್ಸಿನ ಜೀನ್ ಕಾಲ್ಮೆಂಟ್ ಎಂಬ ಮಹಿಳೆಯದು, 122 ವರ್ಷ. ಒಬ್ಬ ವಿದ್ಯಾರ್ಥಿ 80ರ ಗುರುತನ್ನು ಹಿಡಿದು ನಿಲ್ಲಲಿ, ಇನ್ನೊಬ್ಬಳು ಸುರುಳಿ ಬಿಚ್ಚುತ್ತ ನಡೆಯಲಿ. ಜನನದ ಗುರುತಿನಿಂದ 12.2 ಮೀಟರ್ ಮುಟ್ಟುವಾಗ, ಹೆಚ್ಚಿನ ತರಗತಿಗಳಲ್ಲಿ ಅವಳು ಬಾಗಿಲಾಚೆ ಇರುತ್ತಾಳೆ.