ಒಂದೇ ಮಾಲೀಕ, ಹತ್ತು ಹೆಸರು: ಸ್ಪ್ಯಾನರ್ ಬ್ರ್ಯಾಂಡುಗಳ ಹಿಂದಿನ ಕಥೆ

ಹಾರ್ಡ್‌ವೇರ್ ಅಂಗಡಿಯಲ್ಲಿ ಹಳದಿ-ಕಪ್ಪು ಬಣ್ಣದ ಸ್ಟ್ಯಾನ್ಲಿ ಇರುತ್ತದೆ. ಪಕ್ಕದಲ್ಲೇ ಅದೇ ಹಳದಿ-ಕಪ್ಪಿನ ಡಿವಾಲ್ಟ್. ಸ್ವಲ್ಪ ಆಚೆ ಕಿತ್ತಳೆ ಬಣ್ಣದ ಬ್ಲ್ಯಾಕ್ ಆ್ಯಂಡ್ ಡೆಕ್ಕರ್. ಮೂರಕ್ಕೂ ಬೇರೆ ಬೇರೆ ಬೆಲೆ, ಮೂರಕ್ಕೂ ಬೇರೆ ಬೇರೆ ಗಿರಾಕಿ. ಮಾಲೀಕ ಮಾತ್ರ ಒಬ್ಬನೇ, ಅಮೆರಿಕದ ಸ್ಟ್ಯಾನ್ಲಿ ಬ್ಲ್ಯಾಕ್ ಆ್ಯಂಡ್ ಡೆಕ್ಕರ್ ಕಂಪನಿ. ಅಮೆರಿಕದಲ್ಲಿ ಇದೇ ಕಂಪನಿಯ ಕೈಯಲ್ಲಿ ಕ್ರಾಫ್ಟ್ಸ್‌ಮನ್, ಮ್ಯಾಕ್, ಪ್ರೋಟೊ, ಇರ್ವಿನ್, ಲೆನಾಕ್ಸ್ ಇವೆ. ಯುರೋಪಿನಲ್ಲಿ ದುಬಾರಿ ಫಾಕಾಮ್ ಇದೆ, ಅದರ ಕೆಳಗೆ ಅಗ್ಗದ ಎಕ್ಸ್‌ಪರ್ಟ್ ಇದೆ.

ಹಾಗಾದರೆ ಜಾಸ್ತಿ ದುಡ್ಡು ಕೊಟ್ಟವರು ಸುಮ್ನೆ ಹೆಸರಿಗೆ ಕೊಟ್ಟರಾ? ಸಾಕೆಟ್ ಸೆಟ್ (ನಟ್ಟಿನ ಮೇಲೆ ಟೋಪಿಯಂತೆ ಕೂರುವ ಸ್ಪ್ಯಾನರ್ ತಲೆಗಳು) ಕೊಳ್ಳಲು ಹೊರಟವರೆಲ್ಲ ಕೇಳುವ ಪ್ರಶ್ನೆ ಇದು. "ಎಲ್ಲ ಒಂದೇ ಕಣ್ರೀ, ಸ್ಟಿಕ್ಕರ್ ಬೇರೆ" ಅನ್ನುವವರೂ ಇದ್ದಾರೆ, ಅಗ್ಗದ್ದನ್ನು ಮುಟ್ಟಲೇಬಾರದು ಅನ್ನುವವರೂ ಇದ್ದಾರೆ. ಇಬ್ಬರ ಮಾತೂ ಅರ್ಧ ಸರಿ. ಯಾಕೆ ಅಂತ ತಿಳಿಯಬೇಕಾದರೆ ಈ ಹೆಸರುಗಳು ಒಂದೇ ಸೂರಿನಡಿ ಹೇಗೆ ಬಂದವು ಅಂತ ನೋಡಬೇಕು.

ಸ್ಟ್ಯಾನ್ಲಿ 1843ರಲ್ಲಿ ಕನೆಕ್ಟಿಕಟ್‌ನಲ್ಲಿ ಹುಟ್ಟಿತು, ಬ್ಲ್ಯಾಕ್ ಆ್ಯಂಡ್ ಡೆಕ್ಕರ್ 1910ರಲ್ಲಿ ಬಾಲ್ಟಿಮೋರ್‌ನಲ್ಲಿ. ಮುಂದೆ ಇಬ್ಬರೂ ಸಿಕ್ಕಿದ್ದನ್ನೆಲ್ಲ ಕೊಳ್ಳುತ್ತಾ ಬೆಳೆದರು, 2010ರಲ್ಲಿ ಒಂದಾದರು. ಮೆಕ್ಯಾನಿಕ್‌ಗಳಿಗೆ ವ್ಯಾನಿನಲ್ಲಿ ಟೂಲ್ಸ್ ಮಾರುವ ಮ್ಯಾಕ್ 1980ರಲ್ಲಿ ಸ್ಟ್ಯಾನ್ಲಿಯ ಕೈಗೆ ಬಂತು. ಕಾರ್ಖಾನೆಗಳಿಗೆ ಮಾರುವ ಪ್ರೋಟೊ 1984ರಲ್ಲಿ ಬಂತು. ಫ್ರಾನ್ಸಿನ ಫಾಕಾಮ್ ಬಂದಿದ್ದು 2006ರಲ್ಲಿ.

ಹೀಗೆ ಕೊಂಡ ಹೆಸರುಗಳನ್ನೆಲ್ಲ ಕಲಸಿ ಒಂದು ಮಾಡಲಿಲ್ಲ, ಹಾಗೆಯೇ ಉಳಿಸಿಕೊಂಡರು. ಇದಕ್ಕೆ ಕಾರಣ ತಿಳಿಯಲು ಡಿವಾಲ್ಟ್ ಕಥೆ ಸಾಕು. 1980ರ ದಶಕದ ಕೊನೆಗೆ ಬ್ಲ್ಯಾಕ್ ಆ್ಯಂಡ್ ಡೆಕ್ಕರ್ ಅಂದರೆ ಅಮೆರಿಕದಲ್ಲಿ ಟೋಸ್ಟರು, ಇಸ್ತ್ರಿ ಪೆಟ್ಟಿಗೆಯ ಕಂಪನಿ. ಜನರಲ್ ಎಲೆಕ್ಟ್ರಿಕ್‌ನ ಅಡುಗೆಮನೆ ಸಾಮಾನಿನ ವ್ಯಾಪಾರವನ್ನು 1984ರಲ್ಲಿ ಅದೇ ಕೊಂಡಿತ್ತು. ವೃತ್ತಿಪರರಿಗಾಗಿ ಮಾಡಿದ ಬೂದು ಬಣ್ಣದ ಡ್ರಿಲ್ಲು ಕೆಟ್ಟದ್ದೇನಲ್ಲ. ಆದರೆ ಸೈಟಿನಲ್ಲಿ ದುಡಿಯುವ ಬಡಗಿಗೆ ಹೆಂಡತಿಯ ಟೋಸ್ಟರಿನ ಹೆಸರಿರುವ ಡ್ರಿಲ್ಲು ಹಿಡಿಯಲು ಮನಸ್ಸಿಲ್ಲ. ಅವನು ಜಪಾನಿನ ಮಕೀಟಾ ಕೊಂಡ. ಆಗ ಕಂಪನಿಗೆ ಡಿವಾಲ್ಟ್ ನೆನಪಾಯಿತು. 1960ರಲ್ಲೇ ಕೊಂಡಿದ್ದ ಹಳೇ ಗರಗಸ ಯಂತ್ರದ ಹೆಸರು ಅದು, ಬಡಗಿಗಳಲ್ಲಿ ಅದಕ್ಕೆ ಮರ್ಯಾದೆ ಉಳಿದಿತ್ತು. 1992ರಲ್ಲಿ ಯಂತ್ರಗಳನ್ನು ಸುಧಾರಿಸಿ, ಹಳದಿ ಬಣ್ಣ ಹಚ್ಚಿ, ಆ ಹೆಸರಿನಲ್ಲಿ ಬಿಟ್ಟರು. ಕೆಲವೇ ವರ್ಷಗಳಲ್ಲಿ ಮಾರುಕಟ್ಟೆ ತಿರುಗಿತು. ಒಂದೇ ಕಂಪನಿಯ ಮಾಲಿಗೆ ಎರಡು ಹೆಸರಿದ್ದರೆ ಎರಡು ಬೆಲೆ ಸಿಗುತ್ತದೆ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿರಲಿಲ್ಲ.

ಆದರೆ ಈ ಗೋಜಲನ್ನು ಪೂರ್ತಿ ತೋರಿಸುವುದು ಕ್ರಾಫ್ಟ್ಸ್‌ಮನ್. ಸಿಯರ್ಸ್ ಅನ್ನುವ ಅಂಗಡಿ ಸರಣಿ 1927ರಲ್ಲಿ ಈ ಹೆಸರನ್ನು 500 ಡಾಲರಿಗೆ ಕೊಂಡುಕೊಂಡಿತು. ಸಿಯರ್ಸ್ ತಾನೇ ಒಂದು ಸ್ಪ್ಯಾನರನ್ನೂ ಮಾಡಲಿಲ್ಲ. ಬೇರೆ ಬೇರೆ ಕಾರ್ಖಾನೆಗಳು ಮಾಡಿಕೊಟ್ಟಿದ್ದಕ್ಕೆ ತನ್ನ ಹೆಸರು ಒತ್ತಿಸಿ ಮಾರಿತು. ಅದರ ನಿಜವಾದ ಬಲ ಇದ್ದದ್ದು ಗ್ಯಾರಂಟಿಯಲ್ಲಿ. ಕೈ ಉಪಕರಣ ಯಾವಾಗ ಮುರಿದರೂ ಅಂಗಡಿಗೆ ತನ್ನಿ, ಬೇರೆಯದು ಒಯ್ಯಿರಿ. ಬಿಲ್ಲು ಕೇಳುತ್ತಿರಲಿಲ್ಲ. ಅಜ್ಜನ ಕಾಲದ ರ‍್ಯಾಚೆಟ್ (ಸಾಕೆಟ್ ಸಿಕ್ಕಿಸಿ ತಿರುಗಿಸುವ ಹಲ್ಲಿನ ಹಿಡಿಕೆ) ತಂದು ಮೊಮ್ಮಗ ಹೊಸದು ಒಯ್ಯಬಹುದಿತ್ತು. ಮಧ್ಯಮ ಬೆಲೆಗೆ ಇಂಥ ಭರವಸೆ ದೊಡ್ಡ ಮಾತಾಗಿತ್ತು.

ಇಲ್ಲೊಂದು ಉಪಕಥೆ ಹೇಳಲೇಬೇಕು. ಬೆರಳಿನಿಂದ ಒತ್ತಿದರೆ ಸಾಕೆಟ್ ಕಳಚಿಕೊಳ್ಳುವ ರ‍್ಯಾಚೆಟ್ ಈಗ ಎಲ್ಲರ ಬಳಿ ಇದೆ. ಅದನ್ನು 1960ರ ದಶಕದಲ್ಲಿ ಸಿಯರ್ಸ್‌ಗೆ ಕೊಟ್ಟವನು ಅಲ್ಲೇ ಕೆಲಸಕ್ಕಿದ್ದ ಹದಿಹರೆಯದ ಗುಮಾಸ್ತ. ಅವನಿಗೆ ಸಿಕ್ಕಿದ್ದು 10 ಸಾವಿರ ಡಾಲರ್. ಮಾರಾಟವಾದದ್ದು ಲಕ್ಷಾಂತರ. ಅವನು ಕೋರ್ಟಿಗೆ ಹೋದ. ಕೇಸು ಎರಡು ದಶಕ ಎಳೆದು 1989ರಲ್ಲಿ ರಾಜಿಯಲ್ಲಿ ಮುಗಿಯಿತು.

1990ರ ದಶಕದಲ್ಲಿ ಕ್ರಾಫ್ಟ್ಸ್‌ಮನ್‌ನ ಮೆಕ್ಯಾನಿಕ್ ಟೂಲ್ಸ್ ಹೆಚ್ಚಾಗಿ ಡ್ಯಾನಹರ್ ಅನ್ನುವ ಗುಂಪಿನ ಕಾರ್ಖಾನೆಗಳಿಂದ ಬರುತ್ತಿತ್ತು. ವ್ಯಾನಿನಲ್ಲಿ ದುಬಾರಿ ಬೆಲೆಗೆ ಮಾರುವ ಮ್ಯಾಟ್ಕೊ ಕೂಡ ಆಗ ಅದೇ ಗುಂಪಿನದಾಗಿತ್ತು! "ಎಲ್ಲ ಒಂದೇ" ಅನ್ನುವವರ ವಾದ ಗಟ್ಟಿಯಾದದ್ದು ಇಂಥ ಕಡೆಯೇ. ಮುಂದೆ ಜನ ಅಗ್ಗದ್ದನ್ನು ಹುಡುಕಿದರು, ಅಂಗಡಿಗಳು ಬೆಲೆ ಇಳಿಸಿ ಅಂದವು, 2010ರ ನಂತರ ತಯಾರಿಕೆ ಹೆಚ್ಚುಕಡಿಮೆ ಚೀನಾ, ತೈವಾನ್‌ಗೆ ಹೋಯಿತು. ಗ್ಯಾರಂಟಿ ಉಳಿಯಿತು. ಆದರೆ ಮುರಿದ ಅಮೆರಿಕನ್ ರ‍್ಯಾಚೆಟ್ ಕೊಟ್ಟು ಆಮದು ಮಾಲು ಒಯ್ಯುವವನ ಮುಖ ಹೇಗಿದ್ದೀತು, ಊಹಿಸಬಹುದು.

2017ರಲ್ಲಿ ಸಿಯರ್ಸ್ ಮುಳುಗುವ ಹಂತದಲ್ಲಿತ್ತು. ಕ್ರಾಫ್ಟ್ಸ್‌ಮನ್ ಹೆಸರನ್ನು ಸುಮಾರು 90 ಕೋಟಿ ಡಾಲರಿನ ಒಪ್ಪಂದದಲ್ಲಿ ಸ್ಟ್ಯಾನ್ಲಿ ಬ್ಲ್ಯಾಕ್ ಆ್ಯಂಡ್ ಡೆಕ್ಕರ್‌ಗೆ ಮಾರಿತು. ತನ್ನ ಅಂಗಡಿಗಳಲ್ಲಿ ಮಾರುವ ಹಕ್ಕನ್ನೂ ಉಳಿಸಿಕೊಂಡಿತು. ಹೀಗಾಗಿ ಕೆಲಕಾಲ ಒಂದೇ ಹೆಸರಿನ ಮಾಲು ಎರಡು ದಾರಿಯಲ್ಲಿ ಬರುತ್ತಿತ್ತು, ಕ್ರಾಫ್ಟ್ಸ್‌ಮನ್‌ನ ಅಸಲಿ ಮನೆ ಯಾರದು ಅಂತ 2019ರಲ್ಲಿ ಕೋರ್ಟಿನಲ್ಲಿ ಜಗಳವೂ ಆಯಿತು. ಅದೇ ವರ್ಷ ಹೊಸ ಮಾಲೀಕರು ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ ಸುಮಾರು 9 ಕೋಟಿ ಡಾಲರಿನ ಕಾರ್ಖಾನೆ ಕಟ್ಟುತ್ತೇವೆ ಅಂದರು. ಕ್ರಾಫ್ಟ್ಸ್‌ಮನ್ ಮತ್ತೆ ಅಮೆರಿಕದಲ್ಲೇ ತಯಾರಾಗಬೇಕಿತ್ತು. ಯಂತ್ರಗಳು ಅಂದುಕೊಂಡ ಹಾಗೆ ಓಡಲಿಲ್ಲ. 2023ರಲ್ಲಿ ಮುಚ್ಚುವುದಾಗಿ ಘೋಷಿಸಿದರು. ಹೆಸರು ಕೊಳ್ಳುವುದು ಸುಲಭ, ಆ ಹೆಸರು ತಂದುಕೊಟ್ಟ ಕಾರ್ಖಾನೆಯನ್ನು ಮತ್ತೆ ಕಟ್ಟುವುದು ಸುಲಭವಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ದುಬಾರಿ ಮತ್ತು ಅಗ್ಗದ ಟೂಲ್ಸ್ ನಡುವೆ ವ್ಯತ್ಯಾಸ ಖಂಡಿತ ಇದೆ. ಆದರೆ ಪೆಟ್ಟಿಗೆಯ ಮೇಲೆ ಬರೆದಿರುವುದರಲ್ಲಿ ಇಲ್ಲ. "ಕ್ರೋಮ್ ವೆನೇಡಿಯಂ" ಅಂತ ಉಕ್ಕಿನ ಹೆಸರು ಎರಡರ ಮೇಲೂ ಒತ್ತಿರುತ್ತದೆ. ಉಕ್ಕು ಯಾವುದು ಅನ್ನುವಷ್ಟೇ ಮುಖ್ಯ ಅದನ್ನು ಎಷ್ಟು ಕಾಯಿಸಿ, ಹೇಗೆ ತಣಿಸಿ ಹದ ಮಾಡಿದ್ದಾರೆ ಅನ್ನೋದು. ಹದ ಮೀರಿದರೆ ಚಟಕ್ಕನೆ ಮುರಿಯುತ್ತದೆ, ಕಡಿಮೆಯಾದರೆ ಸ್ಪ್ಯಾನರಿನ ಬಾಯಿ ಅಗಲವಾಗುತ್ತದೆ. ಬಾಯಿ ಕೂದಲೆಳೆಯಷ್ಟು ದೊಡ್ಡದಾದರೂ ನಟ್ಟಿನ ಮೂಲೆ ಸವೆಯುತ್ತದೆ. ಗ್ಯಾರೇಜಿನವರ ಬೈಗುಳವೆಲ್ಲ ಶುರುವಾಗುವುದು ಆ ಸವೆದ ನಟ್ಟಿನಿಂದಲೇ, ಅಲ್ವಾ?

ಸಾಕೆಟ್ಟಿನ ಗೋಡೆ ತೆಳುವಾಗಿದ್ದೂ ಗಟ್ಟಿಯಾಗಿರಬೇಕು, ಇಲ್ಲದಿದ್ದರೆ ಇಕ್ಕಟ್ಟಿನ ಜಾಗಕ್ಕೆ ಹೋಗುವುದಿಲ್ಲ. ಇದಕ್ಕೆ ಖರ್ಚು ಬೀಳುತ್ತದೆ. ರ‍್ಯಾಚೆಟ್ಟಿನ ಹಲ್ಲಿನ ಲೆಕ್ಕ ಬೇರೆ. 24 ಹಲ್ಲಿದ್ದರೆ ಹಿಡಿಕೆಯನ್ನು 15 ಡಿಗ್ರಿ ತಿರುಗಿಸಿದ ಮೇಲೇ ಮುಂದಿನ ಹಲ್ಲು ಸಿಗುತ್ತದೆ, 72 ಇದ್ದರೆ 5 ಡಿಗ್ರಿ ಸಾಕು. ಒಂದು ಕಾಲದಲ್ಲಿ 72 ಹಲ್ಲು ದುಬಾರಿ ಮಾಲಿನ ಗುರುತಾಗಿತ್ತು. ಈಗ ತೈವಾನಿನ ಅಗ್ಗದ ಸೆಟ್ಟಿನಲ್ಲೂ ಇದೆ. ನಡುವಿನ ಅಂತರ ನಿಜವಾಗಿ ಕಡಿಮೆಯಾಗಿರುವುದು ಇಲ್ಲೇ. ಬೆಲೆಯ ಅಂತರ ಮಾತ್ರ ಅಷ್ಟಾಗಿ ಕಡಿಮೆಯಾಗಿಲ್ಲ.

ಆ ಬೆಲೆಯಲ್ಲಿ ಇನ್ನೊಂದು ಪಾಲೂ ಸೇರಿದೆ, ಮಾರುವ ರೀತಿಯದು. 1920ರಲ್ಲಿ ಶುರುವಾದ ಸ್ನ್ಯಾಪ್-ಆನ್ ನೋಡಿ. ಅದರ ವ್ಯಾನು ವಾರಕ್ಕೊಮ್ಮೆ ಗ್ಯಾರೇಜಿನ ಬಾಗಿಲಿಗೆ ಬರುತ್ತದೆ, ಕಂತಿನಲ್ಲಿ ಕೊಡುತ್ತದೆ, ಮುರಿದದ್ದನ್ನು ಅಲ್ಲೇ ಬದಲಿಸುತ್ತದೆ. ಈ ಸೇವೆಯ ಖರ್ಚು ಸ್ಪ್ಯಾನರಿನ ಬೆಲೆಯಲ್ಲೇ ಇದೆ. ಅದೇ ವ್ಯಾನಿನಲ್ಲಿ ಕಡಿಮೆ ಬೆಲೆಗೆ ಬ್ಲೂ-ಪಾಯಿಂಟ್ ಕೂಡ ಸಿಗುತ್ತದೆ. ಇದೇ ಕಂಪನಿ 1993ರಲ್ಲಿ ವಿಲಿಯಮ್ಸ್ ಕೊಂಡಿತು. ಅದು ಕಾರ್ಖಾನೆಗಳಿಗೆ ಮಾರುವ ಬ್ರ್ಯಾಂಡು, ವ್ಯಾನಿಲ್ಲ. ಸ್ನ್ಯಾಪ್-ಆನ್ ಕಾರ್ಖಾನೆಯಲ್ಲೇ ತಯಾರಾದ ಸಾಕೆಟ್ಟುಗಳು ವಿಲಿಯಮ್ಸ್ ಹೆಸರಿನಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ವ್ಯಾನು ಬೇಡದವನಿಗೆ ಇದು ಲಾಭದ ವ್ಯಾಪಾರ. ಬೇಕಾದವನಿಗೆ ಅಲ್ಲ.

ನಮ್ಮ ಗ್ಯಾರೇಜುಗಳ ಮೇಜಿನ ಮೇಲೆ ಕಾಣುವ ತಪಾರಿಯಾಕ್ಕೂ ಈ ಕಥೆಯ ಒಂದು ಎಳೆ ತಾಗುತ್ತದೆ. ನಾಸಿಕ್‌ನ ಈ ಕಂಪನಿ 1969ರಲ್ಲಿ ತಯಾರಿಕೆ ಶುರು ಮಾಡಿದ್ದು ಸ್ವೀಡನ್‌ನ ಬಾಹ್ಕೊ ಕಂಪನಿಯ ತಾಂತ್ರಿಕ ನೆರವಿನಿಂದ. ಬಾಯಿ ಹಿಗ್ಗಿಸಿ ಕುಗ್ಗಿಸಬಹುದಾದ ಈಗಿನ ಸ್ಕ್ರೂ ಸ್ಪ್ಯಾನರಿಗೆ ರೂಪ ಕೊಟ್ಟದ್ದು ಇದೇ ಬಾಹ್ಕೊ, 1890ರ ದಶಕದಲ್ಲಿ. 1999ರಲ್ಲಿ ಬಾಹ್ಕೊ ಸ್ನ್ಯಾಪ್-ಆನ್ ಕೈಗೆ ಹೋಯಿತು. ತಪಾರಿಯಾ ಅದರ ಜೊತೆ ಹೋಗಲಿಲ್ಲ, ಬೇರೆಯಾಗಿಯೇ ಉಳಿಯಿತು. ಅದರ ಕಟಿಂಗ್ ಪ್ಲೇಯರ್ ಕೊಳ್ಳುವವರು ಮೇಲಿನ ದರ್ಜೆಯದ್ದು ಬೇರೆ ಹೆಸರಿನಲ್ಲಿ ಇದೆಯಾ ಅಂತ ಕೇಳುವ ಪ್ರಮೇಯವೇ ಇಲ್ಲ.

ಮಿಕ್ಕ ಬ್ರ್ಯಾಂಡು ಕೊಳ್ಳುವವರು ಮಾಲೀಕ ಯಾರು ಅಂತ ಹುಡುಕುವ ಬದಲು ಆ ತುಂಡಿನ ಮೇಲೆ ಯಾವ ದೇಶದ ಹೆಸರಿದೆ ನೋಡಲಿ. ಮುರಿದರೆ ಇದೇ ಕೌಂಟರಿನಲ್ಲಿ ಬದಲಿಸುತ್ತೀರಾ ಅಂತ ಕೇಳಲಿ. ಅಮೆರಿಕದ ಲೈಫ್‌ಟೈಮ್ ಗ್ಯಾರಂಟಿ ಇಲ್ಲಿನ ಅಂಗಡಿಯಲ್ಲೂ ನಡೆಯುತ್ತದೆ ಅಂತ ಅಂದುಕೊಳ್ಳಬಾರದು. ಮನೆ ಬಳಕೆಗಾದರೆ ಮಧ್ಯಮ ಬೆಲೆಯ ಸೆಟ್ಟು ಸಾಕು. ದಿನಾ ಗಾಡಿ ಬಿಚ್ಚುವವರಿಗೂ ಪೂರ್ತಿ ದುಬಾರಿ ಸೆಟ್ಟು ಬೇಕಾಗುವುದಿಲ್ಲ. ಹೆಚ್ಚು ಕೈಗೆ ಬರುವ 10, 12, 14 ಮಿ.ಮೀ. ಸಾಕೆಟ್ಟು ಮತ್ತು ಒಂದು ರ‍್ಯಾಚೆಟ್ಟನ್ನು ಒಳ್ಳೆಯದು ಕೊಂಡು, ಉಳಿದದ್ದು ಸವೆದಾಗ ಒಂದೊಂದಾಗಿ ಬದಲಿಸಿದರೆ ನಡೆಯುತ್ತದೆ.