ಒಂದು ಕಪ್ ಹಿಟ್ಟಿನಲ್ಲಿ ಗಾಳಿ ಎಷ್ಟು?

ಒಂದು ಕಪ್ ಮೈದಾ ಅಂದರೆ ಎಷ್ಟು ಗ್ರಾಂ? ಒಬ್ಬರು 120 ಅಂತಾರೆ, ಇನ್ನೊಬ್ಬರು 140, ಮತ್ತೊಬ್ಬರು 150. ಯಾರನ್ನು ನಂಬೋದು ಅಂತ ತಲೆ ಕೆಟ್ಟು, ಕೊನೆಗೆ ನಾನೇ ತಕ್ಕಡಿ ಮುಂದೆ ಕೂತೆ.

ಮೊದಲು ಹಿಟ್ಟನ್ನು ಚಮಚದಲ್ಲಿ ತೆಗೆದು ಮೆಲ್ಲಗೆ ಕಪ್ಪಿಗೆ ಉದುರಿಸಿದೆ. ಮೇಲೆ ಗುಡ್ಡೆಯಾಗಿದ್ದನ್ನು ಚಾಕುವಿನ ಬೆನ್ನಿನಿಂದ ಸವರಿ ಮಟ್ಟ ಮಾಡಿದೆ. 250 ಮಿಲಿಲೀಟರಿನ ಕಪ್ಪು, ತೂಕ 128 ಗ್ರಾಂ. ಆಮೇಲೆ ಅದೇ ಕಪ್ಪನ್ನು ನೇರ ಡಬ್ಬಕ್ಕೆ ಅದ್ದಿ, ಒತ್ತಿ ಎತ್ತಿದೆ. 157 ಗ್ರಾಂ! ಕಪ್ಪು ಅದೇ, ಹಿಟ್ಟೂ ಅದೇ. 29 ಗ್ರಾಂ ಹಿಟ್ಟು ಜಾಸ್ತಿ ಬಂತು, ಅಷ್ಟು ಜಾಗದ ಗಾಳಿ ಹೊರಗೆ ಹೋಯಿತು.

ಕಪ್ಪು ಅಳೆಯುವುದು ಜಾಗವನ್ನು. ಆ ಜಾಗದಲ್ಲಿ ಪದಾರ್ಥ ಎಷ್ಟು, ಗಾಳಿ ಎಷ್ಟು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಸಕ್ಕರೆಯ ಹರಳು ಗಟ್ಟಿ ವಸ್ತು, ಒಂದು ಮಿಲಿಲೀಟರಿಗೆ ಸುಮಾರು 1.59 ಗ್ರಾಂ ತೂಗುತ್ತದೆ. ಆದರೆ ಕಪ್ಪಿಗೆ ಸುರಿದ ಸಕ್ಕರೆ ಮಿಲಿಲೀಟರಿಗೆ 0.85 ಗ್ರಾಂ ಆಸುಪಾಸು. ಅಂದರೆ ಕಪ್ಪಿನಲ್ಲಿ ಹೆಚ್ಚುಕಡಿಮೆ ಅರ್ಧ ಬರೀ ಗಾಳಿ. ಸಡಿಲವಾಗಿ ತುಂಬಿದ ಹಿಟ್ಟಿನಲ್ಲಂತೂ ಮೂರರಲ್ಲಿ ಎರಡು ಪಾಲು ಗಾಳಿಯೇ.

ಹಿಟ್ಟಿಗೇ ಯಾಕೆ ಇಷ್ಟು ಗಾಳಿ? ಕಣ ಸಣ್ಣದಾಗಿರುವುದೇ ಕಾರಣ. ಒಂದು ಕಣದ ಅಗಲ ಹತ್ತರಲ್ಲಿ ಒಂದು ಪಾಲಾದರೆ ಅದರ ತೂಕ ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಪಕ್ಕದ ಕಣಕ್ಕೆ ಅಂಟಿಕೊಳ್ಳುವ ಬಲ ಮಾತ್ರ ಸುಮಾರು ಹತ್ತರಲ್ಲಿ ಒಂದಕ್ಕಷ್ಟೇ ಇಳಿಯುತ್ತದೆ. ಹಾಗಾಗಿ ಸಣ್ಣ ಕಣಗಳು ತಮ್ಮ ಭಾರಕ್ಕೆ ಜಾರಿ ಕೆಳಗೆ ಕೂರುವುದಿಲ್ಲ. ಒಂದಕ್ಕೊಂದು ಅಂಟಿ, ನಡುವೆ ಪೊಳ್ಳು ಬಿಟ್ಟು, ಕಮಾನು ಕಟ್ಟಿಕೊಂಡು ನಿಲ್ಲುತ್ತವೆ. ಕಪ್ಪನ್ನು ಎರಡು ಸಲ ಕುಟ್ಟಿ ನೋಡಿ, ಕಮಾನು ಕುಸಿದು ಹಿಟ್ಟಿನ ಮಟ್ಟ ಕೆಳಗಿಳಿಯುತ್ತದೆ. ಸಕ್ಕರೆ ಹರಳಿಗೆ ಈ ತಾಪತ್ರಯ ಕಡಿಮೆ. ಉರುಳಿ ತನ್ನ ಜಾಗ ಹುಡುಕಿಕೊಳ್ಳುತ್ತದೆ, ಹೇಗೆ ತುಂಬಿದರೂ ತೂಕ ಅಷ್ಟೇನೂ ಬದಲಾಗುವುದಿಲ್ಲ. ಅದನ್ನೇ ಪುಡಿ ಮಾಡಿದರೆ ಮಾತ್ರ ಹಿಟ್ಟಿನ ಬುದ್ಧಿ ಬಂದುಬಿಡುತ್ತದೆ.

ಜರಡಿಯ ವಿಷಯವೂ ಇದೇ. ‘ಜರಡಿ ಹಿಡಿದ ಹಿಟ್ಟು ಒಂದು ಕಪ್’ ಬೇರೆ, ‘ಒಂದು ಕಪ್ ಹಿಟ್ಟು, ಜರಡಿ ಹಿಡಿಯಿರಿ’ ಬೇರೆ. ಮೊದಲನೆಯದರಲ್ಲಿ ಹಿಟ್ಟು ಕಡಿಮೆ ಬೀಳುತ್ತದೆ. ರೆಸಿಪಿ ಬರೆಯುವವರು ಇದನ್ನು ಸುಮ್ನೆ ಅದಲು ಬದಲು ಮಾಡುವುದು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ನೀರು, ಎಣ್ಣೆಯಂಥ ದ್ರವಗಳಲ್ಲಿ ಗಾಳಿಯ ಕಾಟವಿಲ್ಲ. 100 ಮಿಲಿಲೀಟರ್ ನೀರು ಸುಮಾರು 100 ಗ್ರಾಂ. ಇದು ಕಾಕತಾಳೀಯ ಅಲ್ಲ, 1795ರಲ್ಲಿ ಫ್ರಾನ್ಸಿನಲ್ಲಿ ಗ್ರಾಂ ಎಂಬ ಅಳತೆ ಹುಟ್ಟಿದ್ದೇ ಒಂದು ಘನ ಸೆಂಟಿಮೀಟರ್ ನೀರಿನ ತೂಕವಾಗಿ. ಅಷ್ಟೇ ಎಣ್ಣೆ 92 ಗ್ರಾಂ ಆಸುಪಾಸು, ಜೇನುತುಪ್ಪ 140 ದಾಟುತ್ತದೆ. ನೀರಿನ ಲೆಕ್ಕವನ್ನು ಜೇನಿಗೆ ಹಚ್ಚಿದರೆ ಕೆಟ್ಟಿತು.

ಇನ್ನು ಕಪ್ಪಿನದ್ದೇ ಒಂದು ಕತೆ. ಅಮೆರಿಕದ್ದು ಸುಮಾರು 237 ಮಿಲಿಲೀಟರ್, ಆಸ್ಟ್ರೇಲಿಯಾದ್ದು 250, ಜಪಾನಿನದ್ದು 200. ದೊಡ್ಡ ಚಮಚ ಹೆಚ್ಚಿನ ಕಡೆ 15, ಆಸ್ಟ್ರೇಲಿಯಾದಲ್ಲಿ 20. ಪರಿವರ್ತನೆಯ ಪಟ್ಟಿ ನೋಡುವ ಮೊದಲು ಅದು ಯಾವ ಕಪ್ಪಿನ ಪಟ್ಟಿ ಅಂತ ಕೇಳಲೇಬೇಕು, ಅಲ್ವಾ?

ಹಾಗಂತ ಚಮಚಗಳನ್ನು ಮೂಲೆಗೆ ಎಸೆಯಬೇಡಿ. ಅರ್ಧ ಟೀ ಚಮಚ ಅಡುಗೆ ಸೋಡಾ ಎರಡು ಗ್ರಾಂ ಚಿಲ್ಲರೆ. ಒಂದೊಂದು ಗ್ರಾಂ ಲೆಕ್ಕದಲ್ಲಿ ತೋರಿಸುವ ಮನೆಯ ತಕ್ಕಡಿ ಅರ್ಧ ಗ್ರಾಂ ಆಚೀಚೆ ಹೇಳಿದರೂ ಅಲ್ಲಿ ಐದನೇ ಒಂದು ಪಾಲು ತಪ್ಪಾಗುತ್ತದೆ. ಅಷ್ಟು ಸಣ್ಣ ಅಳತೆಗೆ ಮಟ್ಟ ಮಾಡಿದ ಚಮಚವೇ ವಾಸಿ. ನನ್ನ ತಕ್ಕಡಿಯಂತೂ ಒಂದು ಚಿಟಿಕೆ ಉಪ್ಪು ಹಾಕಿದರೆ ಇನ್ನೂ 0 ಅಂತಲೇ ತೋರಿಸುತ್ತಿರುತ್ತದೆ.