ಅಂಗಡಿಯ ಕಪಾಟಿಗೆ ಎಷ್ಟು ಅಂಕ?

ಬಾಳೆಹಣ್ಣು, ಸೇಬು, ಕಿತ್ತಳೆ, ದ್ರಾಕ್ಷಿ, ಕರಬೂಜ, ಪೀಚ್, ಸ್ಟ್ರಾಬೆರಿ, ಹನಿಡ್ಯೂ, ಕಲ್ಲಂಗಡಿ, ಪೇರ್. ಒಟ್ಟು 10 ಹಣ್ಣು. ದಿನಸಿ ಅಂಗಡಿಯಲ್ಲಿ ಒಳ್ಳೆಯ ಆಹಾರ ಎಷ್ಟು ಸಿಗುತ್ತದೆ ಎಂದು ಅಳೆಯಲು ಹೊರಟವರು ಅಮೆರಿಕದಲ್ಲಿ ಕೈಯಲ್ಲಿ ಹಿಡಿದು ಹೋಗುವ ಪಟ್ಟಿಯ ಒಂದು ಭಾಗ ಇದು. ಇವುಗಳಲ್ಲಿ ಒಂದೂ ಇಲ್ಲದ ಅಂಗಡಿಗೆ ಸೊನ್ನೆ ಅಂಕ. 5ಕ್ಕಿಂತ ಕಡಿಮೆ ಬಗೆ ಇದ್ದರೆ 1, 5ರಿಂದ 9 ಇದ್ದರೆ 2, ಹತ್ತೂ ಇದ್ದರೆ 3. ಕ್ಯಾರೆಟ್, ಟೊಮ್ಯಾಟೊ, ಬ್ರೊಕೊಲಿ, ಎಲೆಕೋಸು ಮುಂತಾದ 10 ತರಕಾರಿಗೂ ಇದೇ ಲೆಕ್ಕ.

ಈ ಪಟ್ಟಿಯನ್ನು ನೆಮ್ಸ್-ಎಸ್ ಎಂದು ಕರೆಯುತ್ತಾರೆ. ಅಂಗಡಿಗಳ ಪೋಷಣಾ ಪರಿಸರವನ್ನು ಅಳೆಯುವ ಸಮೀಕ್ಷೆ ಎಂಬ ಇಂಗ್ಲಿಷ್ ಹೆಸರಿನ ಚುಟುಕು ರೂಪ ಇದು. ಕ್ಯಾರೆನ್ ಗ್ಲಾಂಜ್, ಜೇಮ್ಸ್ ಸ್ಯಾಲಿಸ್, ಬ್ರಯಾನ್ ಸೇಲೆನ್ಸ್, ಲಾರೆನ್ಸ್ ಫ್ರ್ಯಾಂಕ್ ಎಂಬ ನಾಲ್ವರು ಸಂಶೋಧಕರು ಸೇರಿ ಇದನ್ನು ರೂಪಿಸಿದರು. ಅಟ್ಲಾಂಟಾ ಪ್ರದೇಶದ 4 ಬಡಾವಣೆಗಳ 85 ಅಂಗಡಿಗಳಲ್ಲಿ ಪರೀಕ್ಷಿಸಿ, 2007ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ 24 ದೊಡ್ಡ ದಿನಸಿ ಅಂಗಡಿಗಳು. ಉಳಿದ 61, ಪೆಟ್ರೋಲ್ ಬಂಕಿನ ಪಕ್ಕ ಅಥವಾ ರಸ್ತೆ ಮೂಲೆಯಲ್ಲಿ ಚಿಪ್ಸ್, ಸೋಡಾ, ಸಿಗರೇಟು ಮಾರುವ ಬಗೆಯವು.

ಹಣ್ಣು ತರಕಾರಿ ಎಣಿಸುವುದು ಸುಲಭದ ಭಾಗ. ಉಳಿದದ್ದಕ್ಕೆಲ್ಲ ಜೋಡಿ ಲೆಕ್ಕ. ಕೆನೆಭರಿತ ಹಾಲಿನ ಪಕ್ಕ ಕೊಬ್ಬು ತೆಗೆದ ಹಾಲು ಇದೆಯಾ? ಬಿಳಿ ಬ್ರೆಡ್ ಪಕ್ಕ ಇಡೀ ಗೋಧಿಯ ಬ್ರೆಡ್ ಇದೆಯಾ? ಇದ್ದರೆ ಯಾವುದರ ಬೆಲೆ ಎಷ್ಟು? ಒಳ್ಳೆಯದು ಅಗ್ಗವಾಗಿದ್ದರೆ 2 ಅಂಕ, ಎರಡಕ್ಕೂ ಒಂದೇ ಬೆಲೆ ಇದ್ದರೆ 1, ಒಳ್ಳೆಯದೇ ದುಬಾರಿಯಾಗಿದ್ದರೆ 1 ಅಂಕ ಕಡಿತ. ಕಡಿತದ ಈ ನಿಯಮ ನನಗೆ ಇಷ್ಟವಾಯಿತು. ಕಪಾಟಿನಲ್ಲಿದ್ದೂ ಕೈಗೆಟುಕದ ಸಾಮಾನನ್ನು ಬರೀ ‘ಇದೆ’ ಎಂದು ಬರೆದುಕೊಂಡರೆ ಅರ್ಧ ಸತ್ಯವೇ ಆಗುತ್ತದೆ, ಅಲ್ವಾ? ಮೂರನೆಯದು ಗುಣಮಟ್ಟ. ಬುಟ್ಟಿಯಲ್ಲಿರುವ ಹಣ್ಣುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಲೆಯಾಗಿದ್ದರೆ, ಬಾಡಿದ್ದರೆ, ಕೊಳೆಯುತ್ತಿದ್ದರೆ ಆ ಹಣ್ಣು ಫೇಲ್.

ಒಬ್ಬರ ಕಣ್ಣಿಗೆ ಬಾಡಿದ್ದು ಇನ್ನೊಬ್ಬರಿಗೆ ಪರವಾಗಿಲ್ಲ ಅನ್ನಿಸಬಹುದು. ಆದ್ದರಿಂದ ಈ ಪಟ್ಟಿಯನ್ನೂ ಅಳೆಯಬೇಕಾಯಿತು. ಒಂದೇ ಅಂಗಡಿಗೆ ಇಬ್ಬರನ್ನು ಬೇರೆ ಬೇರೆಯಾಗಿ ಕಳಿಸಿದರು. ಇಬ್ಬರ ಉತ್ತರ ಎಷ್ಟು ಹೊಂದುತ್ತದೆ ಎಂದು ನೋಡಿದರು. ಇಲ್ಲೊಂದು ಮೋಸ ಅಡಗಿದೆ. ಮೂಲೆ ಅಂಗಡಿಗಳಲ್ಲಿ ಬ್ರೊಕೊಲಿ ಇರುವುದೇ ಅಪರೂಪ ಎಂದುಕೊಳ್ಳಿ. ಇಬ್ಬರೂ ಒಳಗೆ ಕಾಲಿಡದೆ, ಕಣ್ಣುಮುಚ್ಚಿ ‘ಇಲ್ಲ’ ಎಂದು ಬರೆದುಬಿಟ್ಟರೂ ಉತ್ತರಗಳು ಹೊಂದಿಕೊಳ್ಳುತ್ತವೆ! ಇದನ್ನು ಹಿಡಿಯಲು ಸಂಖ್ಯಾಶಾಸ್ತ್ರದಲ್ಲಿ ಕಪ್ಪಾ ಎಂಬ ಅಳತೆ ಇದೆ. ಸುಮ್ನೆ ಅದೃಷ್ಟದಿಂದ ಬರಬಹುದಾದ ಹೊಂದಿಕೆಯನ್ನು ಅದು ಕಳೆದುಬಿಡುತ್ತದೆ. ಉಳಿದ ಹೊಂದಿಕೆ ಏನೂ ಇಲ್ಲದಿದ್ದರೆ 0, ಪೂರ್ತಿ ಇದ್ದರೆ 1. ‘ಇದೆಯೋ ಇಲ್ಲವೋ’ ಎಂಬ ಪ್ರಶ್ನೆಗಳಿಗೆ ನೆಮ್ಸ್-ಎಸ್‌ನಲ್ಲಿ ಬಂದದ್ದು 0.84ರಿಂದ 1.00. ಇಂಥ ಕೆಲಸಕ್ಕೆ ಇದು ತುಂಬಾ ಒಳ್ಳೆಯ ಅಂಕ.

ಇಷ್ಟೆಲ್ಲ ಕಷ್ಟ ಯಾಕೆ, ನಕ್ಷೆ ನೋಡಿದರೆ ಸಾಲದೇ? ಅಮೆರಿಕದ ಕೃಷಿ ಇಲಾಖೆ ಮಾಡುವುದು ಅದನ್ನೇ. ಬಡವರು ಹೆಚ್ಚಿರುವ ಬಡಾವಣೆಯಲ್ಲಿ ಸೂಪರ್‌ಮಾರ್ಕೆಟ್ ಎಷ್ಟು ದೂರ ಎಂದು ಅದು ಲೆಕ್ಕ ಹಾಕುತ್ತದೆ. ಪೇಟೆಯಲ್ಲಿ 1 ಮೈಲಿ, ಹಳ್ಳಿಗಾಡಿನಲ್ಲಿ 10 ಮೈಲಿ ದಾಟಿದರೆ ಆ ಜಾಗಕ್ಕೆ ‘ಆಹಾರ ಮರುಭೂಮಿ’ ಎಂಬ ಹಣೆಪಟ್ಟಿ ಬಿತ್ತು. ಇಲ್ಲಿ ಸೂಪರ್‌ಮಾರ್ಕೆಟ್ ಅನ್ನಿಸಿಕೊಳ್ಳಲು ವರ್ಷಕ್ಕೆ ಕನಿಷ್ಠ 20 ಲಕ್ಷ ಡಾಲರ್ ವ್ಯಾಪಾರ ಇರಬೇಕು. ಅಂದರೆ ಅಳೆಯುತ್ತಿರುವುದು ಗಲ್ಲಾಪೆಟ್ಟಿಗೆಯನ್ನು, ಕಪಾಟನ್ನಲ್ಲ. ರಸ್ತೆ ಮೂಲೆಯಲ್ಲಿ ದಿನವೂ ತಾಜಾ ಸೊಪ್ಪು ತಂದಿಡುವ ಪುಟ್ಟ ಅಂಗಡಿ ಈ ನಕ್ಷೆಗೆ ಕಾಣಿಸುವುದೇ ಇಲ್ಲ.

ಕಾಣಿಸಬೇಕು ಎನ್ನುವುದಕ್ಕೆ ನ್ಯೂ ಆರ್ಲಿಯನ್ಸ್‌ನಲ್ಲಿ ಪುರಾವೆ ಸಿಕ್ಕಿತು. ಟ್ಯುಲೇನ್ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ ಸಣ್ಣ ಅಂಗಡಿಗಳಲ್ಲಿ ಹಣ್ಣು ತರಕಾರಿಗೆ ಬಿಟ್ಟ ಕಪಾಟಿನ ಉದ್ದವನ್ನೇ ಅಳೆದರು. ಹತ್ತಿರದ 102 ಮನೆಗಳವರು ಏನು ತಿನ್ನುತ್ತಾರೆ ಎಂದೂ ಕೇಳಿದರು. 2008ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಮನೆಯಿಂದ 100 ಮೀಟರ್ ಒಳಗೆ ತಾಜಾ ತರಕಾರಿಯ ಕಪಾಟು ಒಂದು ಮೀಟರ್ ಉದ್ದವಾದಂತೆ, ತರಕಾರಿ ತಿನ್ನುವುದು ದಿನಕ್ಕೆ 0.35 ಪಾಲು ಹೆಚ್ಚು (ಒಂದು ಪಾಲು ಅಂದರೆ ಒಂದು ಸಲ ಬಡಿಸಿಕೊಳ್ಳುವಷ್ಟು). ಆದರೆ ತಾಜಾ ಹಣ್ಣಿನ ಕಪಾಟಿಗೂ ಹಣ್ಣು ತಿನ್ನುವುದಕ್ಕೂ ಇಂಥ ನಂಟು ಕಾಣಲಿಲ್ಲ.

ಕಪಾಟು ಉದ್ದವಾದದ್ದಕ್ಕೆ ಜನ ತರಕಾರಿ ತಿಂದರಾ, ಅಥವಾ ಜನ ತಿನ್ನುತ್ತಾರೆಂದು ಅಂಗಡಿಯವರು ಕಪಾಟು ಉದ್ದ ಮಾಡಿದರಾ? ಒಂದೇ ಸಲ ಅಳೆದರೆ ಇದು ಗೊತ್ತಾಗುವುದಿಲ್ಲ. ಗೊತ್ತಾಗಬೇಕೆಂದರೆ ಅಂಗಡಿ ಇಲ್ಲದ ಕಡೆ ಹೊಸ ಅಂಗಡಿ ತೆರೆದು ನೋಡಬೇಕು. ಫಿಲಡೆಲ್ಫಿಯಾದ ಒಂದು ಬಡಾವಣೆಯಲ್ಲಿ ಹಾಗೇ ಸೂಪರ್‌ಮಾರ್ಕೆಟ್ ಬಂತು. ಸ್ಟೀವನ್ ಕಮಿನ್ಸ್ ಮತ್ತು ಸಂಗಡಿಗರು, ಅದು ಬರುವ ಮೊದಲು ಮತ್ತು ಬಂದ ಮೇಲೆ ಜನರನ್ನು ಮಾತಾಡಿಸಿದರು. ‘ಈಗ ಒಳ್ಳೆಯ ಆಹಾರ ಹತ್ತಿರದಲ್ಲೇ ಸಿಗುತ್ತದೆ’ ಎಂದು ಜನ ಹೇಳಿದರು. ಆದರೆ ತಟ್ಟೆಯಲ್ಲಿ ಹಣ್ಣು ತರಕಾರಿ ಹೆಚ್ಚಲಿಲ್ಲ, ಎತ್ತರಕ್ಕೆ ಹೋಲಿಸಿ ತೂಕ ನೋಡುವ ಬಿಎಂಐ ಅಳತೆಯೂ ಇಳಿಯಲಿಲ್ಲ. ಹೊಸ ಅಂಗಡಿಯನ್ನು ತಮ್ಮ ಮುಖ್ಯ ಅಂಗಡಿ ಮಾಡಿಕೊಂಡವರೇ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಈ ವರದಿ ಬಂದದ್ದು 2014ರಲ್ಲಿ.

2019ರಲ್ಲಿ ಇನ್ನೂ ದೊಡ್ಡ ಏಟು ಬಿತ್ತು. ಹಂಟ್ ಆಲ್ಕಾಟ್ ಮತ್ತಿತರ ಅರ್ಥಶಾಸ್ತ್ರಜ್ಞರು ದೇಶದಾದ್ಯಂತದ ಮನೆಗಳ ಖರೀದಿ ಲೆಕ್ಕ ತೆಗೆದು ನೋಡಿದರು. ಸೂಪರ್‌ಮಾರ್ಕೆಟ್ ಇಲ್ಲದ ಪ್ರದೇಶದ ಜನರೂ ದಿನಸಿಯ ಸುಮಾರು 85 ಶೇಕಡವನ್ನು ಸೂಪರ್‌ಮಾರ್ಕೆಟ್‌ನಿಂದಲೇ ತರುತ್ತಿದ್ದರು. ಕಾರು ಹತ್ತಿ ದೂರ ಹೋಗುತ್ತಿದ್ದರು, ಅಷ್ಟೆ. ಬಡವರಿಗೂ ಸಿರಿವಂತರಿಗೆ ಸಿಗುವ ಸಾಮಾನೇ, ಅದೇ ಬೆಲೆಗೆ ಸಿಕ್ಕರೆ? ಇಬ್ಬರ ಆಹಾರದ ನಡುವಿನ ಅಂತರ ಸುಮಾರು 10 ಶೇಕಡ ಮಾತ್ರ ಇಳಿಯುತ್ತದೆ ಎಂದು ಅವರು ಲೆಕ್ಕ ಹಾಕಿದರು. ಉಳಿದದ್ದು ಜನ ಏನನ್ನು ಕೇಳುತ್ತಾರೆ, ಏನನ್ನು ಆರಿಸುತ್ತಾರೆ ಎಂಬುದರಿಂದ ಹುಟ್ಟಿದ್ದು.

ಇದನ್ನು ಓದಿ, ಅಂಗಡಿ ಅಳೆಯುವುದೇ ವ್ಯರ್ಥ ಎಂದವರೂ ಇದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಕಪಾಟಿನ ಅಂಕ ಕಪಾಟಿನ ಬಗ್ಗೆ ಹೇಳುತ್ತದೆ. ಊಟದ ತಟ್ಟೆಯ ಬಗ್ಗೆ ಹೇಳು ಎಂದು ಅದನ್ನು ಒತ್ತಾಯಿಸಿದ್ದು ನಾವೇ. ಕಪಾಟಿನ ಪ್ರಶ್ನೆಗೆ ಅದು ಚೆನ್ನಾಗಿಯೇ ಉತ್ತರ ಕೊಟ್ಟಿದೆ. 2009ರಲ್ಲಿ ಅಮೆರಿಕದ ಸರ್ಕಾರ, ಬಡ ತಾಯಂದಿರು ಮತ್ತು ಮಕ್ಕಳ ಆಹಾರ ಯೋಜನೆಯ ಪಟ್ಟಿ ಬದಲಿಸಿತು. ಇಡೀ ಧಾನ್ಯ, ಹಣ್ಣು, ತರಕಾರಿ ಅದರೊಳಗೆ ಬಂದವು. ಯೋಜನೆಯಲ್ಲಿ ಇರಬೇಕಾದರೆ ಅಂಗಡಿಯವರು ಇವನ್ನು ಇಡಲೇಬೇಕು. ಇಟ್ಟರಾ? ಕನೆಕ್ಟಿಕಟ್‌ನ ಸಣ್ಣ ಅಂಗಡಿಗಳನ್ನು ಮೊದಲು ಮತ್ತು ನಂತರ ಅಳೆದು ನೋಡಿದಾಗ ಒಳ್ಳೆಯ ಸಾಮಾನು ನಿಜಕ್ಕೂ ಹೆಚ್ಚಿತ್ತು. ನಿಯಮ ಕೆಲಸ ಮಾಡಿತೋ ಇಲ್ಲವೋ ಎಂದು ತಿಳಿಯಲು ಅಂಗಡಿಯೊಳಗೆ ಹೋಗಿ ಎಣಿಸುವುದು ಬಿಟ್ಟು ಬೇರೆ ದಾರಿ ಇರಲಿಲ್ಲ.

ನನ್ನ ತಕರಾರು ಪಟ್ಟಿಯ ಬಗ್ಗೆ. ಸಕ್ಕರೆಯ ಕೋಲಾಕ್ಕೆ ಹೋಲಿಸಿದರೆ ಡಯಟ್ ಕೋಲಾ ಆರೋಗ್ಯಕರ ಆಯ್ಕೆ ಎಂದು ನೆಮ್ಸ್-ಎಸ್ ಅಂಕ ಕೊಡುತ್ತದೆ. ಕಡಿಮೆ ಕೊಬ್ಬಿನ ಹಾಟ್ ಡಾಗ್‌ಗೂ ಅಂಕ ಇದೆ. ಕೊಬ್ಬು ಅಂದರೆ ಹೆದರುತ್ತಿದ್ದ ಕಾಲದ ಗುರುತು ಇದು. ಬ್ರೆಜಿಲ್‌ನವರು ಇದನ್ನು ಹಾಗೇ ಎತ್ತಿಕೊಳ್ಳಲಿಲ್ಲ. ತಮ್ಮ ಊಟಕ್ಕೆ ಹೊಂದುವಂತೆ ಬದಲಿಸಿಕೊಂಡು, ಮತ್ತೆ ಇಬ್ಬಿಬ್ಬರನ್ನು ಕಳಿಸಿ ಪರೀಕ್ಷಿಸಿಕೊಂಡರು.

ಕರ್ನಾಟಕಕ್ಕೆ ಇಂಥದ್ದು ಬೇಕೆಂದರೆ ಬ್ರೊಕೊಲಿ ಹೊಡೆದು ನುಗ್ಗೆ, ದಂಟು, ಮೆಂತ್ಯ ಬರೆದರೆ ಸಾಲದು. ಯಾವುದನ್ನು ಅಂಗಡಿ ಎನ್ನಬೇಕು ಎನ್ನುವಲ್ಲೇ ತೊಡಕು ಶುರು. ನಮ್ಮ ಕಿರಾಣಿ ಅಂಗಡಿಯಲ್ಲಿ ಬೇಳೆ, ರಾಗಿ ಹಿಟ್ಟು ಸಿಗುತ್ತದೆ. ಸೊಪ್ಪು ಎಷ್ಟೋ ಕಡೆ ಇರುವುದಿಲ್ಲ. ಅದು ತಳ್ಳುಗಾಡಿಯಲ್ಲಿ, ಹಾಪ್‌ಕಾಮ್ಸ್ ಮಳಿಗೆಯಲ್ಲಿ, ಬುಟ್ಟಿ ಹೊತ್ತು ಬರುವವರ ಹತ್ತಿರ ಸಿಗುತ್ತದೆ. ಕಿರಾಣಿಯನ್ನಷ್ಟೇ ಅಳೆದರೆ ಇಡೀ ಬೀದಿ ಮರುಭೂಮಿ. ಹಳ್ಳಿಯಲ್ಲಿ ಸಂತೆಯ ದಿನ ಹೋದರೆ ಹತ್ತಕ್ಕೆ ಹತ್ತು, ಮಾರನೇ ದಿನ ಹೋದರೆ ಸೊನ್ನೆಯ ಹತ್ತಿರ. ಎರಡೂ ಸುಳ್ಳಲ್ಲ. ಹಾಗಾಗಿ ಇಲ್ಲಿ ಒಂದು ಭೇಟಿಯ ಲೆಕ್ಕ ನಡೆಯುವುದಿಲ್ಲ. ಒಂದು ಬೀದಿಯನ್ನು ಹಿಡಿದುಕೊಂಡು, ವಾರವಿಡೀ, ಬೆಳಿಗ್ಗೆ ಸಂಜೆ ಎರಡೂ ಹೊತ್ತು ಬರೆದುಕೊಳ್ಳಬೇಕು. ಬೆಲೆಯ ಕಾಲಂ ಇನ್ನೂ ಕಷ್ಟ. ಬೆಳಿಗ್ಗೆ ಗಟ್ಟಿ ಬೆಲೆಯ ಮೆಂತ್ಯ ಕಟ್ಟು ಸಂಜೆ ಗಾಡಿ ಖಾಲಿ ಮಾಡುವ ಹೊತ್ತಿಗೆ ಅಗ್ಗ, ಚೌಕಾಸಿ ಮಾಡಿದರೆ ಇನ್ನೂ ಅಗ್ಗ. ಅಷ್ಟೊತ್ತಿಗೆ ಅದು ಬಾಡಿಯೂ ಇರುತ್ತದೆ. ಕೆಲಸ ಮುಗಿಸಿ ಬರುವವರಿಗೆ ಸಿಗುವುದು ಆ ಕಟ್ಟೇ. ಬೆಲೆಗೆ ಅಂಕ ಕೊಟ್ಟು ಗುಣಮಟ್ಟದಲ್ಲಿ ಕಳೆಯಬೇಕೋ, ಅಥವಾ ಸಂಜೆಯ ಗಾಡಿಗೆ ಬೇರೆಯದೇ ಹಾಳೆ ಮಾಡಬೇಕೋ ಎಂಬುದನ್ನು ಅಳೆಯಲು ಹೊರಡುವ ಮೊದಲೇ ತೀರ್ಮಾನಿಸಿಕೊಳ್ಳಬೇಕು. ನಾನಾದರೆ ಬೇರೆ ಹಾಳೆ ಮಾಡುತ್ತೇನೆ.